ಅಜ್ಜನ ಮೂಗು, ಮೊಮ್ಮಗನ ನೋಟ: ಪುನರುಜ್ಜೀವನ ಕಾಲದ ಒಂದು ಭಾವಚಿತ್ರವನ್ನು ಓದುವ ಬಗೆ

‘ಈ ಚಿತ್ರದಲ್ಲಿ ಮಾನವತಾವಾದ ಎದ್ದು ಕಾಣುತ್ತದೆ.’ ಪುನರುಜ್ಜೀವನ ಕಾಲದ ಯಾವ ಚಿತ್ರದ ಬಗ್ಗೆ ಬರೆಯಲು ಹೇಳಿದರೂ ನಮ್ಮಲ್ಲಿ ಈ ವಾಕ್ಯ ಬಂದೇ ಬರುತ್ತದೆ. ನಾನೂ ಬರೆದವನೇ, ಅಂಕವೂ ಸಿಕ್ಕಿತ್ತು. ಎಲ್ಲಿ ಎದ್ದು ಕಾಣುತ್ತದೆ, ಬೆರಳಿಟ್ಟು ತೋರಿಸು ಎಂದು ಆವತ್ತು ಯಾರಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. ಇಲ್ಲಿ ನಾವು ಮಾಡುವುದು ಆ ಕೆಲಸವನ್ನೇ: ಒಂದೇ ಒಂದು ಚಿತ್ರ ಹಿಡಿದು, ಬೆರಳಿಡುವ ಜಾಗಗಳನ್ನು ಹುಡುಕುವುದು.

ನಾನು ಆರಿಸಿಕೊಂಡಿರುವುದು ಇಟಲಿಯ ಫ್ಲಾರೆನ್ಸಿನ ಡೊಮೆನಿಕೊ ಗಿರ್ಲಾಂಡಾಯೊ ಸುಮಾರು 1490ರಲ್ಲಿ ಬರೆದ, ಈಗ ‘ಮುದುಕ ಮತ್ತು ಮೊಮ್ಮಗ’ ಎಂದು ಹೆಸರಾಗಿರುವ ಚಿತ್ರ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ಇದು 1886ರಲ್ಲಿ ಬಂತು. ಮೋನಾ ಲೀಸಾ ಏಕಲ್ಲ ಎಂದರೆ, ಆ ಚಿತ್ರದ ಮೇಲೆ ಕಥೆಗಳ ದೂಳು ಎಷ್ಟು ಕೂತಿದೆಯೆಂದರೆ ನಾವು ನೋಡುವುದು ಕಥೆಯನ್ನೇ ಹೊರತು ಹೆಂಗಸನ್ನಲ್ಲ. ಕಲಿಯುವವರಿಗೆ ಅಷ್ಟೇನೂ ಹೆಸರುವಾಸಿಯಲ್ಲದ ಮುಖವೇ ಒಳ್ಳೆಯದು.

ಮೊದಲು ಅಳತೆ

ಲೂವ್ರ್‌ನ ಸಂಗ್ರಹದ ಜಾಲತಾಣದಲ್ಲಿ ಚಿತ್ರ ಸಿಗುತ್ತದೆ. ವಾಟ್ಸ್ಯಾಪಿನಲ್ಲಿ ಕೈಬದಲಾಗಿ ಬಂದ ಪ್ರತಿ ಬೇಡ. ಅದರಲ್ಲಿ ಕೆಂಪು ಕಿತ್ತಳೆಯಾಗಿರುತ್ತದೆ, ಅಂಚೂ ಕತ್ತರಿಸಿ ಹೋಗಿರುತ್ತದೆ. ಚಿತ್ರದ ಎತ್ತರ ಸುಮಾರು 62 ಸೆಂಟಿಮೀಟರ್, ಅಗಲ 46. ಇದನ್ನು ಬರೆದುಕೊಂಡು ಸುಮ್ಮನಾಗಬೇಡಿ. ಹಳೆಯ ದಿನಪತ್ರಿಕೆಯ ಜೋಡಿಪುಟವನ್ನು ಬಿಡಿಸಿ, ಆ ಅಳತೆಗೆ ಕತ್ತರಿಸಿ, ನಿಮ್ಮ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ, ಎದುರು ನಿಲ್ಲಿ. ಎರಡು ಮೂರು ಹೆಜ್ಜೆ ದೂರದಿಂದ, ಎದುರಿಗೆ ಕೂತವರ ಮುಖ ನೋಡುವ ಹಾಗೆ ನೋಡಲು ಮಾಡಿದ ಚಿತ್ರ ಇದು ಎಂದು ಆಗ ಮೈಗೆ ತಿಳಿಯುತ್ತದೆ. ಚರ್ಚಿನ ಗೋಡೆಯಲ್ಲಿ ನೂರಾರು ಜನ ತಲೆಯೆತ್ತಿ ನೋಡುವ ಚಿತ್ರದ ಮಾತೇ ಬೇರೆ.

ಹತ್ತು ನಿಮಿಷ, ಓದದೆ

ವಿಕಿಪೀಡಿಯ ಮುಚ್ಚಿಡಿ. ಒಂದು ಹಾಳೆ ತೆಗೆದುಕೊಂಡು ಕಂಡದ್ದನ್ನು ಮನೆಮಾತಿನಲ್ಲಿ ಬರೆಯಿರಿ. ‘ಸಂಯೋಜನೆ’, ‘ಸೌಂದರ್ಯಪ್ರಜ್ಞೆ’ ಇಂಥ ಪದಗಳಿಗೆ ಇನ್ನೂ ಒಳಗೆ ಬರಲು ಅಪ್ಪಣೆಯಿಲ್ಲ. ನನ್ನ ಹಾಳೆಯಲ್ಲಿ ಇದ್ದದ್ದು ಇದು: ‘ವಯಸ್ಸಾದವರೊಬ್ಬರು, ನರೆಗೂದಲು, ಕೆಂಪು ನಿಲುವಂಗಿ, ಅಂಚಿಗೆ ತುಪ್ಪಟ. ಹಣೆಯಲ್ಲಿ ಒಂದು ನರುಳ್ಳೆ. ಮೂಗು ಗಡ್ಡೆಗಡ್ಡೆಯಾಗಿ ಊದಿಕೊಂಡಿದೆ. ಮಡಿಲ ಬಳಿ ಒಬ್ಬ ಹುಡುಗ, ಹೊಂಬಣ್ಣದ ಗುಂಗುರು ಕೂದಲು, ಅವನದೂ ಕೆಂಪು ಅಂಗಿ, ಕೆಂಪು ಟೋಪಿ. ಹುಡುಗನ ಕೈ ಅಜ್ಜನ ಎದೆಯ ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ, ನಮ್ಮನ್ನಲ್ಲ. ಹಿಂದೆ ಬೂದು ಗೋಡೆ, ಒಂದು ಕಿಟಕಿ; ಕಿಟಕಿಯಾಚೆ ಬಳಸು ದಾರಿ, ಇಗರ್ಜಿ, ಗುಡ್ಡ.’

ಬರೆದದ್ದನ್ನು ತಿರುಗಿ ಓದಿದಾಗ ಒಂದು ಕಳ್ಳತನ ಸಿಕ್ಕಿಬಿತ್ತು. ಹುಡುಗ ಎಂದು ಬರೆದವನು ಮುಂದಿನ ಸಾಲಿನಲ್ಲೇ ‘ಅಜ್ಜ’ ಎಂದುಬಿಟ್ಟಿದ್ದೆ. ಅಜ್ಜ ಎಂದು ಹೇಳಿದವರು ಯಾರು? ಇವರಿಬ್ಬರ ಹೆಸರು ಇವತ್ತಿಗೂ ಗೊತ್ತಿಲ್ಲ, ಅಜ್ಜ-ಮೊಮ್ಮಗ ಎನ್ನುವುದಕ್ಕೆ ಚಿತ್ರದ ಆಚೆ ಯಾವ ಕಾಗದಪತ್ರವೂ ಇಲ್ಲ. ಚಿತ್ರಕಾರ ಅಷ್ಟು ಚೆನ್ನಾಗಿ ಹೇಳಿರುವುದರಿಂದ ನಾವು ಸಾಕ್ಷಿ ಕೇಳದೆ ನಂಬಿದ್ದೇವೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಹಾಳೆಯಲ್ಲಿ ಎರಡು ಬಣ್ಣದ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. (ಇನ್ನು ಮುಂದೆ ನಾನೂ ಅಜ್ಜ ಎಂದೇ ಕರೆಯುತ್ತೇನೆ. ಬೇರೆ ಏನು ಕರೆದರೂ ನಾಲಿಗೆ ಒಪ್ಪುವುದಿಲ್ಲ.)

ಅಂಗೈಯಿಂದ ಮುಚ್ಚಿ ನೋಡುವುದು

ಖರ್ಚಿಲ್ಲದ ಉಪಾಯ, ನನಗೆ ಅತಿ ಹೆಚ್ಚು ಕಲಿಸಿದ್ದೂ ಇದೇ. ಚಿತ್ರವನ್ನು ತೆರೆಯ ಮೇಲೆ ದೊಡ್ಡದು ಮಾಡಿ, ಹುಡುಗನನ್ನು ಅಂಗೈಯಿಂದ ಮುಚ್ಚಿ. ಅಜ್ಜನ ಕಣ್ಣು ಕೆಳಗಿಳಿದಿದೆ, ಆದರೆ ಎದುರಿಗೆ ಯಾರೂ ಇಲ್ಲ. ದಣಿದ ಮುಖ, ರೋಗ ಬಂದ ಮೂಗು. ಲೆಕ್ಕದ ಪುಸ್ತಕದ ಮುಂದೆ ತೂಕಡಿಸುತ್ತಿರುವ ಒಬ್ಬ ವ್ಯಾಪಾರಿ ಎನ್ನಬಹುದು. ಈಗ ಅಜ್ಜನನ್ನು ಮುಚ್ಚಿ ಹುಡುಗನನ್ನು ಬಿಡಿ. ಯಾವುದೋ ಧಾರ್ಮಿಕ ಚಿತ್ರದ ಮೂಲೆಯಲ್ಲಿ ಮೇಲೆ ನೋಡುತ್ತ ನಿಂತ ಮುದ್ದು ಬಾಲಕ, ಅಷ್ಟೇ. ಕೈ ತೆಗೆಯಿರಿ. ಎರಡು ಮುಖಗಳ ನಡುವಿನ ಆ ನಾಲ್ಕು ಬೆರಳಿನ ಜಾಗಕ್ಕೆ ಜೀವ ಬರುತ್ತದೆ. ಅಲ್ಲಿ ಬಣ್ಣ ಹಚ್ಚಿದ ವಸ್ತು ಏನೂ ಇಲ್ಲ, ಇರುವುದು ಎರಡು ನೋಟಗಳು ಕೂಡುವ ಒಂದು ಗೆರೆ, ಅದನ್ನೂ ನಾವೇ ಎಳೆದುಕೊಳ್ಳಬೇಕು.

ಮೂರನೆಯದಾಗಿ ಕಿಟಕಿ ಮುಚ್ಚಿ. ಕೋಣೆ ಉಸಿರುಗಟ್ಟಿದಂತಾಗುತ್ತದೆ. ಆ ದಾರಿಯೇ ಹುಡುಗನ ಮುಂದಿನ ಬದುಕು, ಆಚೆಯ ಗುಡ್ಡವೇ ಅಜ್ಜನ ಸಾವು ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬೇಡಿ ಎನ್ನುವುದಿಲ್ಲ, ಆದರೆ ಕಿಟಕಿಯಾಚೆ ಇಂಥ ಬಯಲು ತೋರಿಸುವ ಪದ್ಧತಿ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನ ಚಿತ್ರಗಳಿಂದ ಇಟಲಿಗೆ ಬಂದು ಆ ಹೊತ್ತಿಗೆ ಸಾಕಷ್ಟು ಬಳಕೆಯಲ್ಲಿತ್ತು ಎಂಬುದು ನೆನಪಿರಲಿ. ಎಲ್ಲರ ಮನೆಯಲ್ಲೂ ಇರುವ ಕಿಟಕಿಗೆ ನಮ್ಮ ಚಿತ್ರದಲ್ಲಿ ಮಾತ್ರ ವಿಶೇಷ ಅರ್ಥ ಹಚ್ಚುವ ಮುನ್ನ ಒಂದು ಕ್ಷಣ ತಡೆಯುವುದು ಲೇಸು.

ಮೂಗಿನ ಹತ್ತಿರ ನಿಲ್ಲಿ

ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ, ಮರ್ಯಾದೆಗೆ ಅಂಜಿ ಆಮೇಲೆ ಬೇರೆ ಕಡೆ ಸರಿಯುತ್ತದೆ. ಸರಿಯಲು ಬಿಡಬೇಡಿ. ಚರ್ಮದ ಎಣ್ಣೆಗ್ರಂಥಿಗಳು ಬೆಳೆದು ಮೂಗು ಹೀಗೆ ಉಬ್ಬುವ ಕಾಯಿಲೆಗೆ ವೈದ್ಯರು ರೈನೊಫೈಮಾ ಎನ್ನುತ್ತಾರೆ. ಚರ್ಮರೋಗದ ಬರಹಗಳಲ್ಲಿ ಈ ಚಿತ್ರ ಆಗಾಗ ಕಾಣಿಸಿಕೊಳ್ಳುವುದು ಅದಕ್ಕೇ. ಒಂದು ಸಾಲಿನಲ್ಲಿ ಅದನ್ನು ಹೇಳಿ ಮುಂದೆ ಹೋಗಿ. ನಿಮ್ಮ ಬರಹ ಔಷಧದ ಚೀಟಿಯಾಗಬಾರದು.

ಕೇಳಬೇಕಾದ ಪ್ರಶ್ನೆ ಬೇರೆ. ಹಣ ಕೊಟ್ಟು ಭಾವಚಿತ್ರ ಬರೆಸುವವರು ಈ ಮೂಗನ್ನು ಹೀಗೇ ಇರಲಿ ಎಂದದ್ದು ಹೇಗೆ? ಮುಚ್ಚಿಡುವ ದಾರಿಗಳಿದ್ದವು. ಇದಕ್ಕಿಂತ ಸುಮಾರು 15 ವರ್ಷ ಹಿಂದೆ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ ಉರ್ಬಿನೊದ ದೊರೆ ಫೆಡೆರಿಗೊ ಮಾಂಟೆಫೆಲ್ಟ್ರೊನನ್ನು ಬರೆದಾಗ, ಕಾಳಗದ ಆಟದಲ್ಲಿ ಕಳೆದುಕೊಂಡ ಬಲಗಣ್ಣು ಕಾಣದಂತೆ ಎಡ ಪಕ್ಕದಿಂದ ಬರೆದ. ಗಿರ್ಲಾಂಡಾಯೊಗೂ ಪಕ್ಕಕ್ಕೆ ತಿರುಗಿಸುವ, ನೆರಳಿಗೆ ತಳ್ಳುವ ಅವಕಾಶ ಇತ್ತು. ಅವನು ಮಾಡಿದ್ದು ಅದಕ್ಕೆ ತದ್ವಿರುದ್ಧ. ಬೆಳಕನ್ನು ಮೂಗಿನ ಮೇಲೆಯೇ ಬಿಟ್ಟು, ಒಂದೊಂದು ಗಂಟಿಗೂ ತನ್ನದೇ ನೆರಳು ಕೊಟ್ಟು, ಅದನ್ನು ಹುಡುಗನ ನುಣುಪು ಕೆನ್ನೆಯ ಎದುರಿಗೆ ತಂದಿಟ್ಟ.

ಮುಖ ನೋಡಿ ಗುಣ ಹೇಳುವ ಶಾಸ್ತ್ರ, ನಮ್ಮ ಸಾಮುದ್ರಿಕೆಯಂಥದ್ದು, ಆಗ ಇಟಲಿಯಲ್ಲೂ ಇತ್ತು. ಅರಿಸ್ಟಾಟಲನ ಹೆಸರು ಹೊತ್ತ ಒಂದು ಗ್ರಂಥವೇ ಓಡಾಡುತ್ತಿತ್ತು. ವಿಕಾರವಾದ ಮುಖ ಎಂದರೆ ಒಳಗೂ ಏನೋ ಕೊಳೆತಿರಬೇಕು ಎಂಬ ನಂಬಿಕೆ. ಚಿತ್ರ ಆ ನಂಬಿಕೆಯನ್ನು ವಾದ ಮಾಡಿ ತಳ್ಳಿಹಾಕುವುದಿಲ್ಲ, ಒಬ್ಬ ಸಾಕ್ಷಿಯನ್ನು ತಂದು ನಿಲ್ಲಿಸುತ್ತದೆ. ಹುಡುಗನ ಕಣ್ಣು ಹಿಂಬಾಲಿಸಿ. ಅವನಿಗೆ ಮೂಗು ಕಾಣುತ್ತಿಲ್ಲವೆಂದಲ್ಲ, ಒಂದು ಗೇಣು ದೂರದಲ್ಲೇ ಇದೆ. ಆದರೂ ಅವನ ಮುಖದಲ್ಲಿ ಅಸಹ್ಯವಿಲ್ಲ, ಅಂಜಿಕೆಯಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವಲ್ಲ, ಇಲ್ಲಿ ಆ ಗಾದೆ ತಲೆಕೆಳಗಾಗಿದೆ: ಮುದ್ದು ಮಗುವಿಗೆ ಈ ಮುದುಕ ಮುದ್ದು. ನನ್ನ ಮೊದಲ ಬೆರಳು ಇಲ್ಲಿ.

ಮೊಟ್ಟೆಯ ಬಣ್ಣ

ಮಾಧ್ಯಮ ಟೆಂಪೆರಾ, ಮರದ ಹಲಗೆಯ ಮೇಲೆ. ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿ ಕಲಸಿ ಬರೆಯುವ ವಿಧಾನ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ, ಅದರಿಂದ ಮುಖಕ್ಕೆ ಏನಾಯಿತು ಎಂದು ಬರೆಯುವವರು ಕಡಿಮೆ. ತಿಳಿಯಲು ಒಮ್ಮೆ ಮನೆಯಲ್ಲೇ ಪ್ರಯತ್ನಿಸಿದೆ. ‘ಏನೋ ಇದು, ದೇವರ ಮನೆ ಪಕ್ಕದಲ್ಲೇ ಮೊಟ್ಟೆ ಒಡೀತಿದೀಯ? ಹಿತ್ತಲಿಗೆ ನಡಿ’ ಎಂದು ಅಮ್ಮ ಅಟ್ಟಿದ್ದರಿಂದ ಪ್ರಯೋಗ ನಡೆದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹೊರಳಿಸುತ್ತ ಲೋಳೆಯನ್ನೆಲ್ಲ ಕಳೆಯಬೇಕು. ಆಮೇಲೆ ಅದರ ಪೊರೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಸೂಜಿಯಿಂದ ಚುಚ್ಚಿದರೆ ಹಳದಿ ಬಟ್ಟಲಿಗೆ ಇಳಿಯುತ್ತದೆ, ಪೊರೆ ಬೆರಳಲ್ಲೇ ಉಳಿಯುತ್ತದೆ. ನನಗೆ ಮೂರನೆಯ ಮೊಟ್ಟೆಗೆ ಕೈ ಕೂಡಿತು. ನಾಲ್ಕು ಹನಿ ನೀರು, ಒಂದು ಚಿಟಿಕೆ ಕೆಮ್ಮಣ್ಣಿನ ಪುಡಿ. ಕೆನ್ನೆಗೆ ನೆರಳು ಕೊಡೋಣವೆಂದು ಎಣ್ಣೆಬಣ್ಣದ ಅಭ್ಯಾಸದಲ್ಲಿ ಎರಡು ಬಣ್ಣವನ್ನು ಕುಂಚದಲ್ಲೇ ಬೆರೆಸಲು ಹೋದೆ. ಮೊದಲ ಬಳಿತ ಆಗಲೇ ಒಣಗಿತ್ತು. ಎರಡನೆಯದು ಅದನ್ನು ಕಿತ್ತುಕೊಂಡು ಬಂತು. ಕೆನ್ನೆಗೆ ಬದಲು ಒಂದು ಹುಣ್ಣು ಸಿದ್ಧವಾಯಿತು.

ಹಾಗಾಗಿ ಟೆಂಪೆರಾದಲ್ಲಿ ನೆರಳೆಂದರೆ ಗೆರೆ. ಕೂದಲೆಳೆಯಂಥ ಗೆರೆಗಳನ್ನು ಒಂದರ ಪಕ್ಕ ಒಂದು, ಒಣಗಿದ ಮೇಲೆ ಅಡ್ಡಡ್ಡ, ತಾಳ್ಮೆಯಿಂದ ಹಾಕುತ್ತಾ ಹೋಗಬೇಕು. ಅಜ್ಜನ ಕೆನ್ನೆಯನ್ನು ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ಈ ಕೆಲಸ ಅರ್ಥವಾಗುತ್ತದೆ. ಸುಕ್ಕು, ನರೆಗೂದಲು, ಮೂಗಿನ ಗಂಟು, ಎಲ್ಲಕ್ಕೂ ಒಂದೇ ತೂಕದ ತಾಳ್ಮೆ. ಕಾಯಿಲೆಯ ಮೂಗಿಗೂ ಮಗುವಿನ ಗುಂಗುರು ಕೂದಲಿಗೂ ಚಿತ್ರಕಾರ ಒಂದೇ ಮರ್ಯಾದೆ ಕೊಟ್ಟಿದ್ದಾನೆ. ಕಲೆಗಾರಿಕೆ ಬೇರೆ, ಮಾನವತೆ ಬೇರೆ ಎಂದು ಎರಡು ಪ್ಯಾರಾ ಮಾಡಿ ಬರೆಯುವವರಿಗೆ ಇಲ್ಲಿ ಕಷ್ಟವಾಗುತ್ತದೆ. ಎರಡನ್ನೂ ಹೇಳಲು ಇರುವುದು ಅದೇ ಗೆರೆ.

ಹತ್ತಿರದ ವಾಸ್ತವದ ಈ ಹಸಿವಿಗೆ ಹೊರಗಿನ ಒಂದು ಕಾರಣವೂ ಉಂಟು. ಫ್ಲಾಂಡರ್ಸಿನ ಹ್ಯೂಗೊ ವಾನ್ ಡರ್ ಗೂಸ್ ಎಣ್ಣೆಬಣ್ಣದಲ್ಲಿ ಬರೆದ ಪೋರ್ಟಿನಾರಿ ಚಿತ್ರಫಲಕ 1483ರಲ್ಲಿ ಫ್ಲಾರೆನ್ಸಿಗೆ ಬಂದಿಳಿಯಿತು. ಅದರಲ್ಲಿ ಒರಟು ಕೈಯ, ಬಿಸಿಲಿಗೆ ಬೆಂದ ಮುಖದ ಕುರುಬರಿದ್ದರು. ಎರಡೇ ವರ್ಷದಲ್ಲಿ, 1485ರಲ್ಲಿ, ಅದೇ ಊರಿನ ಸಾಂತಾ ತ್ರಿನಿತಾ ಚರ್ಚಿಗೆ ಗಿರ್ಲಾಂಡಾಯೊ ಬರೆದ ಚಿತ್ರದಲ್ಲಿ ಅವರ ನಂಟರಂಥ ಕುರುಬರು ಬಂದು ಮಂಡಿಯೂರಿದರು.

ಯಾರು ಯಾವ ಕಡೆ ತಿರುಗಿದ್ದಾರೆ

ಇದನ್ನು ಬೇಗ ಮುಗಿಸೋಣ. ಇಟಲಿಯಲ್ಲಿ ಹಳೆಯ ರೋಮನ್ ನಾಣ್ಯಗಳ ಮಾದರಿಯಲ್ಲಿ ಪಕ್ಕನೋಟದ ಭಾವಚಿತ್ರಕ್ಕೆ ಗೌರವ ಹೆಚ್ಚು. ಮುಕ್ಕಾಲು ತಿರುಗಿದ ಮುಖ ಉತ್ತರದ ಫ್ಲಾಂಡರ್ಸಿನಲ್ಲಿ ಮೊದಲೇ ರೂಢಿಯಾಗಿತ್ತು. ನಮ್ಮ ಚಿತ್ರದಲ್ಲಿ ಎರಡೂ ಇವೆ: ಹುಡುಗನದು ಪಕ್ಕನೋಟ, ಅಜ್ಜನದು ಮುಕ್ಕಾಲು. ನಾಣ್ಯದ ಮೇಲಿನ ಪಕ್ಕನೋಟ ನೇರ ಮುಂದೆ ನೋಡುತ್ತದೆ, ಯಾರಿಗೂ ಸಿಗದು. ಹುಡುಗನ ಪಕ್ಕನೋಟ ಮೇಲಕ್ಕೆ ವಾಲಿದೆ, ತುಟಿ ತುಸು ತೆರೆದಿದೆ. ಬಿಗುಮಾನದ ಭಂಗಿ ಒಂದು ಮಗುವಿನ ಕತ್ತಿನಲ್ಲಿ ಸಡಿಲವಾಗಿರುವುದನ್ನು ಗಮನಿಸಿ ಬರೆದುಕೊಳ್ಳಿ.

ಈಗ ಪುಸ್ತಕ ತೆರೆಯಬಹುದು

ಮೊದಲು ಹುಡುಕಬೇಕಾದದ್ದು ಚಿತ್ರಕ್ಕೆ ಸಂಬಂಧಿಸಿದ ರೇಖಾಚಿತ್ರ. ಸ್ಟಾಕ್‌ಹೋಮಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಗಿರ್ಲಾಂಡಾಯೊ ಬರೆದ ಇದೇ ಅಜ್ಜನ ತಲೆ ಇದೆ. ಅದೇ ಮೂಗು, ಅದೇ ನರುಳ್ಳೆ. ಕಣ್ಣು ಮಾತ್ರ ಮುಚ್ಚಿದೆ. ನಿದ್ದೆಯೂ ಇರಬಹುದು, ಸತ್ತ ಮೇಲೆ ಹಾಸಿಗೆಯ ಪಕ್ಕ ಕೂತು ಬರೆದದ್ದಿರಬೇಕು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. ಫ್ಲಾರೆನ್ಸಿನ ಮನೆಗಳಲ್ಲಿ ಸತ್ತವರ ಮುಖಕ್ಕೆ ಗಾರೆ ಒತ್ತಿ ಅಚ್ಚು ತೆಗೆದು, ಅದರಿಂದ ತಲೆ ಮಾಡಿಸಿ ಒಲೆಗೂಡಿನ ಮೇಲೋ ಬಾಗಿಲ ಮೇಲೋ ಇಡುವ ಪದ್ಧತಿ ಇತ್ತು. ರೋಮನ್ನರ ಮನೆಗಳಲ್ಲಿ ಪೂರ್ವಜರ ಮೇಣದ ಮುಖಗಳನ್ನು ಇಡುತ್ತಿದ್ದರೆಂದು ಓದಿದವರ ಊರು ಅದು.

ಆ ರೇಖಾಚಿತ್ರ ಸತ್ತ ಮೇಲೆ ಬರೆದದ್ದು ಎಂಬುದು ನಿಜವಾದರೆ ನಮ್ಮ ಚಿತ್ರ ಒಮ್ಮೆಗೇ ತಿರುಗಿಕೊಳ್ಳುತ್ತದೆ. ಅಜ್ಜ ಹುಡುಗನನ್ನು ನೋಡುತ್ತಿರುವ ಆ ಕಣ್ಣುಗಳನ್ನು ತೆರೆದವನು ಚಿತ್ರಕಾರ. ಮೈಮೇಲಿನ ಆ ಪುಟ್ಟ ಕೈ, ಆ ಭೇಟಿ, ಹೀಗೇ ನಡೆಯದೆಯೂ ಇರಬಹುದು. ಚಿತ್ರಕಲೆ ದೂರವಿದ್ದವರನ್ನು ಹತ್ತಿರ ತರುತ್ತದೆ, ಸತ್ತವರನ್ನು ನೂರಾರು ವರ್ಷದ ಮೇಲೂ ಬದುಕಿದ್ದಾರೋ ಎಂಬಂತೆ ತೋರಿಸುತ್ತದೆ ಎಂದು ಲಿಯೋನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲೇ ತನ್ನ ಚಿತ್ರಕಲೆಯ ಗ್ರಂಥದಲ್ಲಿ ಹೇಳಿದ್ದ. ಮನಸ್ಸಿನ ಚಲನೆ ತಿಳಿಯುವುದು ಮೈಯ ಚಲನೆಯಿಂದ ಎಂದೂ ಅವನೇ ಹೇಳಿದ್ದು. ನನ್ನ ಎರಡನೆಯ ಬೆರಳು ಅಜ್ಜನ ಇಳಿದ ರೆಪ್ಪೆಯ ಮೇಲೆ.

‘ಮಾನವತಾವಾದ’ ಎಂದರೆ

ಕನ್ನಡದಲ್ಲಿ ಈ ಪದ ಓದುತ್ತಲೇ ಮಾನವೀಯತೆ, ಕರುಣೆ ನೆನಪಾಗುತ್ತವೆ. 15ನೆಯ ಶತಮಾನದ ಇಟಲಿಯಲ್ಲಿ ಅದು ಮೊದಲಿಗೆ ಒಂದು ಪಾಠಪಟ್ಟಿ: ವ್ಯಾಕರಣ, ವಾಕ್ಕಲೆ, ಇತಿಹಾಸ, ಕಾವ್ಯ, ನೀತಿಶಾಸ್ತ್ರ, ಇವನ್ನು ಪ್ರಾಚೀನ ಗ್ರೀಕ್-ಲ್ಯಾಟಿನ್ ಗ್ರಂಥಗಳಿಂದ ಕಲಿಯುವುದು. ಕಲಿಸುವವನು ಉಮಾನಿಸ್ತಾ. ಅಂದಮೇಲೆ ಅಜ್ಜ ಮೊಮ್ಮಗನನ್ನು ಪ್ರೀತಿಸುತ್ತಾನೆ, ಆದ್ದರಿಂದ ಇದು ಮಾನವತಾವಾದ ಎಂದರೆ ವಾದ ಜಾರುತ್ತದೆ. ಮಕ್ಕಳನ್ನು ಪ್ರೀತಿಸಲು ಯಾವ ಕಾಲದ ಅಜ್ಜನಿಗೂ ಲ್ಯಾಟಿನ್ ಬೇಕಾಗಿರಲಿಲ್ಲ. ಹಾಗಾದರೆ ಹೊಸತೇನು? ಹೆಸರು ಮಾಸಿಹೋದ ಒಬ್ಬ ಊರಿನವನ ಇಂಥದ್ದೇ ಮುಖ, ಇಂಥದ್ದೇ ಮೂಗು ಮುಂದಿನವರಿಗೆ ಉಳಿಯಬೇಕು ಎಂಬ ಹಟ. ಆ ಹಟಕ್ಕೆ ರೋಮನ್ನರ ಮಾದರಿ ಇತ್ತು. ಮನೆತನ, ಮಕ್ಕಳನ್ನು ಬೆಳೆಸುವುದು, ಹಿರಿಯರ ನೆನಪು, ಇವೂ ಗಂಭೀರ ಬರವಣಿಗೆಗೆ ತಕ್ಕ ವಿಷಯ ಎಂದು ಆಲ್ಬರ್ಟಿಯಂಥವರು ಲ್ಯಾಟಿನ್ ಬಿಟ್ಟು ತಮ್ಮ ಆಡುನುಡಿಯಲ್ಲೇ ಪುಸ್ತಕ ಬರೆದಿದ್ದರು. ತುಪ್ಪಟದ ಅಂಚನ್ನೂ ಮರೆಯಬೇಡಿ: ಇದು ದುಡ್ಡಿದ್ದವರ ಮನೆ. ಫ್ಲಾರೆನ್ಸಿನ ನೇಕಾರರಲ್ಲೂ ಗಂಟುಮೂಗಿನ ಅಜ್ಜಂದಿರು ಇದ್ದಿರಬೇಕು.

ಪಕ್ಕದಲ್ಲಿ ಇನ್ನೊಂದು ಚಿತ್ರ

ಹೋಲಿಕೆಗೆ ದೂರ ಹೋಗಬೇಡಿ, ಅದೇ ಕೈಯ, ಅದೇ ವರ್ಷಗಳ ಇನ್ನೊಂದನ್ನು ತನ್ನಿ. ಮ್ಯಾಡ್ರಿಡ್‌ನ ಥೈಸೆನ್ ಸಂಗ್ರಹಾಲಯದಲ್ಲಿ ಗಿರ್ಲಾಂಡಾಯೊ ಬರೆದ ಜೊವಾನ್ನಾ ಟೊರ್ನಬುವೊನಿ ಇದ್ದಾಳೆ. 1488ರಲ್ಲಿ ಹೆರಿಗೆಯ ಹೊತ್ತಿನಲ್ಲಿ ತೀರಿಕೊಂಡಾಗ ಅವಳಿಗೆ 20 ತುಂಬಿರಲಿಲ್ಲ. ಶುದ್ಧ ಪಕ್ಕನೋಟ, ಜರಿಯ ಉಡುಪು, ಒಂದು ಕಲೆಯಿಲ್ಲದ ಚರ್ಮ, ಹಿಂದೆ ಹವಳದ ಮಣಿಸರ, ಪ್ರಾರ್ಥನೆಯ ಪುಸ್ತಕ. ಅಲ್ಲೇ ಅಂಟಿಸಿದ ಚೀಟಿಯಲ್ಲಿ ರೋಮನ್ ಕವಿ ಮಾರ್ಷಿಯಲನಿಂದ ತೆಗೆದು ತುಸು ಬದಲಿಸಿದ ಎರಡು ಸಾಲು: ಕಲೆಯೇ, ನೀನು ನಡತೆಯನ್ನೂ ಮನಸ್ಸನ್ನೂ ಬರೆಯಬಲ್ಲೆಯಾಗಿದ್ದರೆ ಭೂಮಿಯ ಮೇಲೆ ಇದಕ್ಕಿಂತ ಚೆಲುವಾದ ಚಿತ್ರ ಇರುತ್ತಿರಲಿಲ್ಲ.

ಇದು ಅಕ್ಷರಶಃ ಮಾನವತಾವಾದಿಗಳ ಪಾಠಪಟ್ಟಿಯಿಂದ ಬಂದ ಚಿತ್ರ, ಲ್ಯಾಟಿನ್ ಕಾವ್ಯ ಎದುರಿಗೇ ಇದೆ. ಆದರೂ ಜೊವಾನ್ನಾ ನನಗೆ ನಾಣ್ಯದ ಮೇಲಿನ ರಾಣಿಯಷ್ಟೇ ದೂರ. ಆ ಚೀಟಿ ‘ಆಗುವುದಿಲ್ಲ’ ಎಂದದ್ದನ್ನು ಅಜ್ಜನ ಚಿತ್ರ ಚೀಟಿಯಿಲ್ಲದೆ ಮಾಡಲು ಹೊರಟಿದೆ ಎಂಬುದು ನನ್ನ ಓದು. ನೀವು ಒಪ್ಪದಿರಬಹುದು, ಜೊವಾನ್ನಾಳ ಮೌನದಲ್ಲೇ ಹೆಚ್ಚು ದುಃಖ ಕಾಣುವವರೂ ಇದ್ದಾರೆ. ಒಪ್ಪದಿದ್ದರೂ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಿ ಒಪ್ಪುವುದಿಲ್ಲ ಎಂದು ಬೆರಳಿಡಿ.

ಬರೆಯುವಾಗ

ಹಾಳೆಯ ಟಿಪ್ಪಣಿಗಳಿಂದ ಮೂರೇ ಜಾಗ ಆರಿಸಿ. ಎಂಟು ಜಾಗದ ಬಗ್ಗೆ ಒಂದೊಂದು ಸಾಲು ಬರೆದರೆ ಪಟ್ಟಿಯಾಗುತ್ತದೆ. ಪ್ರತಿ ಪ್ಯಾರಾ ಕಂಡದ್ದರಿಂದ ಶುರುವಾಗಲಿ, ಹೇಗೆ ಮಾಡಿದ್ದಾನೆ ಎಂಬುದು ಆಮೇಲೆ, ಏಕೆ ಎಂಬುದು ಕೊನೆಗೆ. ‘ಛಾಯಾಚಿತ್ರದಷ್ಟು ನೈಜ’ ಎಂಬ ಮಾತು ಬಂದರೆ ಹೊಡೆದುಹಾಕಿ. ಕ್ಯಾಮರಾ ಮುಚ್ಚಿದ ಕಣ್ಣನ್ನು ತೆರೆಯುವುದಿಲ್ಲ. ನಾನು ಬರೆದ ಪ್ಯಾರಾ ಒಂದನ್ನು ಮಾದರಿಗೆ ಕೊಡುತ್ತೇನೆ:

‘ಹುಡುಗನ ಕೈ ಅಜ್ಜನ ಕೆಂಪು ಅಂಗಿಯ ಮೇಲಿದೆ. ಅವನ ತೋಳೂ ಕೆಂಪು. ಎರಡು ಕೆಂಪುಗಳ ನಡುವೆ ಬೆಳ್ಳಗೆ ಉಳಿದಿರುವುದು ಆ ಪುಟ್ಟ ಕೈಯೊಂದೇ, ಆದ್ದರಿಂದ ಮುಖಗಳಿಂದ ಇಳಿದ ನಮ್ಮ ಕಣ್ಣು ಅಲ್ಲಿ ಬಂದು ನಿಲ್ಲುತ್ತದೆ. ಕೈ ಅಂಗಿಯನ್ನು ಹಿಡಿದು ಜಗ್ಗುತ್ತಿಲ್ಲ, ಸುಮ್ಮನೆ ಒರಗಿದೆ. ಬೇಡುವ ಮಗುವಿನ ಕೈ ಹೀಗಿರುವುದಿಲ್ಲ. ಸ್ಟಾಕ್‌ಹೋಮಿನ ರೇಖಾಚಿತ್ರದಲ್ಲಿ ಅಜ್ಜ ಒಬ್ಬನೇ ಇದ್ದಾನೆ, ಕಣ್ಣು ಮುಚ್ಚಿದೆ. ಅಲ್ಲಿಂದ ಹಲಗೆಗೆ ಬರುವಷ್ಟರಲ್ಲಿ ಗಿರ್ಲಾಂಡಾಯೊ ಎರಡು ಕಣ್ಣು ತೆರೆದಿದ್ದಾನೆ, ಎದೆಯ ಮೇಲೆ ಒಂದು ಕೈ ಇಟ್ಟಿದ್ದಾನೆ, ಮೂಗನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದಾನೆ.’

‘ಮಾನವತಾವಾದ’ ಎಂಬ ಪದವನ್ನು ನಾನು ಇದರಲ್ಲಿ ಎಲ್ಲೂ ಬಳಸಿಲ್ಲ, ಎಣಿಸಿ ನೋಡಿ.